ಕೇಕ್ ಮಿಕ್ಸ್‌ನ ಮಸಾಲೆ ಕುಕೀಸ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಡಿಸೆಂಬರ್ ಬಂತೆಂದರೆ ಕಾಸರಗೋಡಿನ ನಮ್ಮ ಕಡೆ ಕೇಕ್ ಮಿಕ್ಸ್ (ಕೇಕಿಗೆಂದು ಮೈದಾ, ಸಕ್ಕರೆ, ಸೋಡಾ ಬೆರೆಸಿಟ್ಟ ಸಿದ್ಧ ಪುಡಿ) ಡಬ್ಬಿಗಳು ಕಪಾಟಿನಿಂದ ಹೊರಗೆ ಬರುತ್ತವೆ. ಕೆಲವು ಕುಂಬಳೆ, ಉಪ್ಪಳದ ಸೂಪರ್ ಮಾರ್ಕೆಟಿನಲ್ಲಿ ಕೊಂಡದ್ದು. ಕೆಲವು ದುಬೈ, ಶಾರ್ಜಾದಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ ಬಂದದ್ದು. ಮಕ್ಕಳಿಗೆ ಕ್ರಿಸ್ಮಸ್ ರಜೆ. ಬೇಳ, ಕಯ್ಯಾರು, ಮಂಜೇಶ್ವರದ ಕಡೆ ಕ್ರಿಶ್ಚಿಯನ್ ನೆರೆಯವರಿದ್ದರೆ ಮನೆಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಬರುತ್ತದೆ. ಆ ತಟ್ಟೆಯನ್ನು ಖಾಲಿ ಕಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮೊಬೈಲಿನಲ್ಲಿ ನೋಡಿದ ರೆಸಿಪಿ ತುಂಬ ಸುಲಭ ಅನಿಸುತ್ತದೆ. ಒಂದು ಡಬ್ಬಿ ಮಿಕ್ಸ್, ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ, ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ. ಓವನ್‌ನಲ್ಲಿ ಹತ್ತು ನಿಮಿಷ. ಆಮೇಲೆ ಫೋನ್ ಬರುತ್ತದೆ: "ಅಕ್ಕಾ, ಇದು ಎಂತ ಹೀಗಾಯ್ತು?"

ಬಹಳ ಜನ ಮಿಕ್ಸನ್ನು ಬೈಯುತ್ತಾರೆ. ಹಾಳಾದ ಮಿಕ್ಸ್ ಸಿಗುವುದು ಅಪರೂಪ. ರೆಸಿಪಿ ಬರೆದವರ ಡಬ್ಬಿ ಬೇರೆ, ನಿಮ್ಮ ಕೈಯಲ್ಲಿರುವ ಡಬ್ಬಿ ಬೇರೆ. ಅವರ ಅಡುಗೆಮನೆಯ ಚಳಿ ಬೇರೆ, ನಮ್ಮ ಸೆಕೆ ಬೇರೆ. ಹೆಚ್ಚಿನ ತಾಪತ್ರಯ ಇಲ್ಲೇ ಹುಟ್ಟುವುದು. ಹಾಗಾಗಿ ಯಾವ ಲಕ್ಷಣ ಕಂಡರೂ ಓವನ್ ಬಿಚ್ಚುವ ಮೊದಲು ಡಬ್ಬಿಯ ಬದಿಯಲ್ಲಿ ಬರೆದದ್ದನ್ನು ಓದಿ. ಖರ್ಚಿಲ್ಲದ ಪರೀಕ್ಷೆ ಅದೊಂದೇ.

ಮೊದಲು ತೂಕ ನೋಡಿ

ಈ ರೆಸಿಪಿ ಅಮೆರಿಕದ್ದು. ಅಲ್ಲಿ ಬಹಳ ಕಡೆ ಬರೆದಿರುವ ಅಳತೆ 15.25 ಔನ್ಸಿನ ಡಬ್ಬಿಗೆ, ಅಂದರೆ ಸುಮಾರು 432 ಗ್ರಾಂ. ಮೊದಲು ಅಲ್ಲಿನ ಡಬ್ಬಿ 18.25 ಔನ್ಸ್ ಇತ್ತು, ಅಂದರೆ 517 ಗ್ರಾಂ. ಡಬ್ಬಿ ಚಿಕ್ಕದಾಯಿತು, ರೆಸಿಪಿ ಮಾತ್ರ ಹಾಗೇ ಸುತ್ತುತ್ತಾ ಇದೆ. ನಮ್ಮ ಅಂಗಡಿಯ ಪ್ಯಾಕೆಟ್ ಹೆಚ್ಚಾಗಿ 200ರಿಂದ 300 ಗ್ರಾಂ. ಗಲ್ಫಿನಿಂದ ಬರುವುದು 500 ಗ್ರಾಂ ಹತ್ತಿರ ಇರುತ್ತದೆ. 250 ಗ್ರಾಂ ಪ್ಯಾಕೆಟ್ಟಿಗೆ ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ ಹಾಕಿದರೆ ಅದು ಉಂಡೆ ಕಟ್ಟುವ ಹಿಟ್ಟಾಗುವುದೇ ಇಲ್ಲ, ಸುರಿಯುವ ಹಿಟ್ಟಾಗುತ್ತದೆ.

ಲೆಕ್ಕ ಇಷ್ಟೇ. ಪ್ರತಿ 100 ಗ್ರಾಂ ಮಿಕ್ಸಿಗೆ ಸುಮಾರು 28 ಮಿಲಿಲೀಟರ್ ಎಣ್ಣೆ, ಸುಮಾರು ಅರ್ಧ ಮೊಟ್ಟೆ. 250 ಗ್ರಾಂಗೆ 70 ಮಿಲಿಲೀಟರ್ ಎಣ್ಣೆ ಮತ್ತು ಒಂದು ಮೊಟ್ಟೆ. ಹಿಟ್ಟು ಕೂಡದಿದ್ದರೆ ಒಂದು ಚಿಕ್ಕ ಚಮಚ ಹಾಲು. 500 ಗ್ರಾಂ ಡಬ್ಬಿಗೆ 140 ಮಿಲಿಲೀಟರ್ ಎಣ್ಣೆ, ಎರಡು ಮೊಟ್ಟೆ, ಬೇಕಾದರೆ ಒಂದು ದೊಡ್ಡ ಚಮಚ ಹಾಲು. ರೆಸಿಪಿಯ ಕಪ್ ಎಂದರೆ 240 ಮಿಲಿಲೀಟರ್, ದೊಡ್ಡ ಚಮಚ 15, ಚಿಕ್ಕ ಚಮಚ 5. ಮನೆಯ ಸ್ಟೀಲ್ ಲೋಟ ಯಾವುದಕ್ಕೂ ಸಮ ಅಲ್ಲ. ಔಷಧದ ಬಾಟ್ಲಿ ಜೊತೆ ಬರುವ ಅಳತೆಯ ಮುಚ್ಚಳ ಚೆನ್ನಾಗಿ ತೊಳೆದದ್ದಿದ್ದರೆ ಅದನ್ನೇ ಬಳಸಬಹುದು.

ಪ್ಯಾಕೆಟಿನ ಮೇಲೆ 'ಎಗ್‌ಲೆಸ್' ಅಂತ ಇದ್ದರೆ ಮೊಟ್ಟೆ ಬೇಡವೇ ಬೇಡ. 250 ಗ್ರಾಂಗೆ 60 ಮಿಲಿಲೀಟರ್ ಎಣ್ಣೆ ಕಲಸಿ, ಹಾಲನ್ನು ಚಮಚ ಚಮಚವಾಗಿ ಹಾಕಿ. ಎರಡು ಮೂರು ದೊಡ್ಡ ಚಮಚಕ್ಕೆ ಹಿಟ್ಟು ಕೂಡುತ್ತದೆ. ಮೊಟ್ಟೆ ಹಾಕುವ ಮಿಕ್ಸನ್ನು ಮೊಟ್ಟೆ ತಿನ್ನದ ಮನೆಯಲ್ಲಿ ಮಾಡುವುದಾದರೆ ಒಂದು ಮೊಟ್ಟೆಯ ಬದಲು ಮೂರು ದೊಡ್ಡ ಚಮಚ ಗಟ್ಟಿ ಮೊಸರು ಸಾಕು. ಕುಕೀಸ್ ತುಸು ಕೇಕಿನ ಹಾಗೆ ಮೆತ್ತಗಾಗುತ್ತದೆ, ಅದು ದೋಷವಲ್ಲ.

ಇನ್ನೊಂದು ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ರೆಸಿಪಿಯ 350 ಎನ್ನುವುದು ಫ್ಯಾರನ್‌ಹೀಟ್. ನಮ್ಮ ಓವನ್‌ಗೆ ಅದು 175 ಡಿಗ್ರಿ ಸೆಲ್ಸಿಯಸ್. ಒಟಿಜಿಯ (ಮೇಜಿನ ಮೇಲಿಡುವ ಕರೆಂಟ್ ಓವನ್) ಗುಂಡಿ ಹೆಚ್ಚಾಗಿ 250ಕ್ಕೇ ಮುಗಿಯುತ್ತದೆ. "350 ಇಲ್ಲ, ಇದ್ದಷ್ಟು ತಿರುಗಿಸಿಟ್ಟೆ" ಎಂದವರ ಕುಕೀಸ್ ಕರಿ ಆಗದೆ ಇನ್ನೇನಾಗುತ್ತದೆ? ಫ್ಯಾನ್ ತಿರುಗುವ ಕನ್ವೆಕ್ಷನ್ ಓವನ್ ಆದರೆ 160 ಇಡಿ.

ಲಕ್ಷಣ: ಹರಡಿ ಒಂದಕ್ಕೊಂದು ಅಂಟಿಕೊಂಡಿದೆ

ಅತಿ ಹೆಚ್ಚು ಬರುವ ದೂರು ಇದೇ. ಟ್ರೇಯಲ್ಲಿ ಸಾಲಾಗಿ ಉಂಡೆ ಇಟ್ಟಿರುತ್ತೀರಿ. ಹೊರಗೆ ತೆಗೆದಾಗ ಟ್ರೇ ತುಂಬ ಒಂದೇ ದೋಸೆ.

ಹರಡಿದ್ದನ್ನು ಸರಿಯಾಗಿ ನೋಡಿ, ಕಾರಣ ಅದರಲ್ಲೇ ಬರೆದಿರುತ್ತದೆ. ಅಂಚು ಬಲೆಯಂತೆ ತೂತುತೂತಾಗಿ, ಕೈಗೆ ಎಣ್ಣೆ ಹತ್ತುತ್ತಿದ್ದರೆ ಜಿಡ್ಡು ಜಾಸ್ತಿಯಾಗಿದೆ. ಮೇಲಿನ ತೂಕದ ಲೆಕ್ಕಕ್ಕೆ ವಾಪಸ್ ಹೋಗಿ. ಅಂಚು ದಪ್ಪವೇ ಇದೆ, ಬಣ್ಣ ಬಿಳಿಚಿಕೊಂಡಿದೆ, ಆದರೂ ಅಗಲವಾಗಿದೆ ಎಂದಾದರೆ ಹಿಟ್ಟು ಬೆಚ್ಚಗಿತ್ತು, ಇಲ್ಲವೇ ಓವನ್ ಇನ್ನೂ ಕಾದಿರಲಿಲ್ಲ. ಮೊದಲ ಟ್ರೇ ಚೆನ್ನಾಗಿ ಬಂದು ಎರಡನೆಯದು ಹರಡಿದ್ದರೆ ಓವನ್‌ನಿಂದ ತೆಗೆದ ಬಿಸಿ ಟ್ರೇಯ ಮೇಲೇ ಎರಡನೇ ಸರದಿ ಇಟ್ಟಿದ್ದೀರಿ. ಹಿಟ್ಟು ಒಳಗೆ ಹೋಗುವ ಮೊದಲೇ ಕರಗಲು ಶುರುವಾಗಿರುತ್ತದೆ. ಟ್ರೇಯ ಹಿಂಬದಿಗೆ ನೀರು ಬಿಟ್ಟು ತಣಿಸಿ, ಒರೆಸಿ, ಆಮೇಲೆ ಇಡಿ.

ಬೆಣ್ಣೆಯ ವಿಷಯ ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕು. ಕೆಲವು ರೆಸಿಪಿಯಲ್ಲಿ ಎಣ್ಣೆಯ ಬದಲು 'ರೂಮ್ ಟೆಂಪರೇಚರ್ ಬೆಣ್ಣೆ' ಎಂದಿರುತ್ತದೆ. ಅವರ ರೂಮು 20 ಡಿಗ್ರಿ. ಇಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ದಾಟುತ್ತದೆ, ಒಲೆ ಉರಿಯುವ ಅಡುಗೆಮನೆ ಇನ್ನೂ ಬಿಸಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಮೇಜಿನ ಮೇಲೆ ಇಟ್ಟ ಬೆಣ್ಣೆ ಅರ್ಧ ಕರಗಿದ ಹಾಗೇ. ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದಾಗ ಗುಳಿ ಬೀಳುವಷ್ಟು ಮೆತ್ತಗಾದರೆ ಸಾಕು, ಹೊಳೆಯಲು ಶುರುವಾದರೆ ತಡವಾಯಿತು.

ಮನೆಯಲ್ಲಿ ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯಾದರೆ ಅದರಲ್ಲಿ ನೀರಿನ ಅಂಶ ಅಂಗಡಿ ಬೆಣ್ಣೆಗಿಂತ ಜಾಸ್ತಿ. ತುಪ್ಪ ಕಾಸುವಾಗ ಎಷ್ಟು ಹೊತ್ತು ಚಟಪಟ ಅನ್ನುತ್ತದೆ ನೋಡಿದ್ದೀರಲ್ಲ? ಅಷ್ಟೂ ನೀರು. ಅದು ಕುಕೀಸಿನಲ್ಲಿ ಹಬೆಯಾಗಿ ಹಿಟ್ಟನ್ನು ಸಡಿಲ ಮಾಡುತ್ತದೆ. ಇನ್ನು ತುಪ್ಪದಲ್ಲಿ ನೀರೇ ಇಲ್ಲ, ಪೂರ್ತಿ ಜಿಡ್ಡು. ಹಾಗಾಗಿ ಬೆಣ್ಣೆಯ ಬದಲು ತುಪ್ಪ ಹಾಕುವುದಾದರೆ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿ. ನನ್ನನ್ನು ಕೇಳಿದರೆ ಈ ಕುಕೀಸಿಗೆ ಸೂರ್ಯಕಾಂತಿ ಎಣ್ಣೆಯೇ ಒಳ್ಳೆಯದು. ಬೆಣ್ಣೆಯ ರುಚಿ ಮಸಾಲೆಯ ಎದುರು ಹೇಗೂ ಗೊತ್ತಾಗುವುದಿಲ್ಲ.

ಓಲೆಬೆಲ್ಲವನ್ನೋ ಜೋನಿ ಬೆಲ್ಲವನ್ನೋ ಸೇರಿಸಿದ್ದೀರಾ? ರುಚಿಗೆ ಬಹಳ ಒಳ್ಳೆಯದು, ಜಿಂಜರ್‌ಬ್ರೆಡ್ಡಿನ ಕಡೆಗೆ ಹೋಗುತ್ತದೆ. ಆದರೆ ಮಿಕ್ಸಿನಲ್ಲಿ ಆಗಲೇ ಬೇಕಾದಷ್ಟು ಸಕ್ಕರೆ ಇದೆ. ಮೇಲಿಂದ ಬೆಲ್ಲ ಬಿದ್ದರೆ ಹರಡುತ್ತದೆ, ಬೇಗ ಕಪ್ಪಾಗುತ್ತದೆ. ಎರಡು ಚಮಚ ಬೆಲ್ಲದ ಪಾಕಕ್ಕೆ ಎರಡು ಚಮಚ ಮೈದಾ ಸೇರಿಸಿ, ಶಾಖ 10 ಡಿಗ್ರಿ ಇಳಿಸಿ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆ ಇಡಿ. ಆಮೇಲೆ ಒಂದೇ ಒಂದು ಉಂಡೆ ಬೇಯಿಸಿ ನೋಡಿ. ಪೂರ್ತಿ ಟ್ರೇ ಹಾಳು ಮಾಡುವುದಕ್ಕಿಂತ ಒಂದು ಉಂಡೆ ಹೋದರೆ ಹೋಗಲಿ. ಆಗಲೂ ಹರಡಿದರೆ ಒಂದು ದೊಡ್ಡ ಚಮಚ ಮೈದಾ ಕಲಸಿ ಮತ್ತೊಂದು ಉಂಡೆ. 250 ಗ್ರಾಂ ಮಿಕ್ಸಿಗೆ ಮೂರು ಚಮಚ ಮೈದಾ ದಾಟಬೇಡಿ, ಅದಕ್ಕಿಂತ ಮುಂದೆ ಹೋದರೆ ಹಿಟ್ಟಿನ ಹಸಿ ರುಚಿ ಉಳಿಯುತ್ತದೆ. ಆಗಲೇ ಹರಡಿದ್ದನ್ನು ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಯ ಅಂಚಿನಿಂದ ಒತ್ತಿ ದುಂಡಗೆ ಕತ್ತರಿಸಬಹುದು. ತಣ್ಣಗಾದ ಮೇಲೆ ಕತ್ತರಿಸಿದರೆ ಚೂರಾಗುತ್ತದೆ.

ಲಕ್ಷಣ: ಉಂಡೆ ಹಾಗೇ ಉಬ್ಬಿ ನಿಂತಿದೆ, ಕುಕೀಸ್ ಅಲ್ಲ ಕೇಕ್ ಆಗಿದೆ

ಸ್ವಲ್ಪ ಮಟ್ಟಿಗೆ ಇದು ಮಿಕ್ಸಿನ ಸ್ವಭಾವ. ಒಳಗೆ ಉಬ್ಬಿಸುವ ಸೋಡಾ, ಬೇಕಿಂಗ್ ಪೌಡರ್ ಮೊದಲೇ ಇದೆ. ಹಿಟ್ಟೂ ಕೇಕಿಗೆ ಬೇಕಾದಂತೆ ಮೃದು. ಬಿಸ್ಕತ್ತಿನಂತೆ ಕಟ್ಟನೆ ಮುರಿಯುವ ಕುಕೀಸ್ ಈ ಡಬ್ಬಿಯಿಂದ ಬರುವುದಿಲ್ಲ, ಅದಕ್ಕೆ ಕಾಯುವುದೂ ಬೇಡ.

ತೀರಾ ಉಬ್ಬಿದ್ದರೆ ಮೊಟ್ಟೆ ಜಾಸ್ತಿಯಾಗಿದೆ, ಇಲ್ಲವೇ ಡಬ್ಬಿಯ ಹಿಂದೆ ಕೇಕಿಗೆ ಬರೆದ ನೀರನ್ನೂ ಸೇರಿಸಿದ್ದೀರಿ. ಕುಕೀಸಿಗೆ ಆ ನೀರು ಬೇಡ. ಮುಂದಿನ ಸಲ ಬಿಳಿ ಭಾಗ ಬಿಟ್ಟು ಎರಡು ಹಳದಿ ಹಾಕಿ, ಅಗಿಯಲು ಸಿಗುವಂತೆ ಆಗುತ್ತದೆ. ಈಗಿರುವ ಹಿಟ್ಟಿಗೆ ಉಪಾಯ: ಉಂಡೆಯನ್ನು ಲೋಟದ ತಳಕ್ಕೆ ಸಕ್ಕರೆ ಹಚ್ಚಿ ಅರ್ಧ ಇಂಚಿಗೆ ಒತ್ತಿ ಇಡಿ.

ಲಕ್ಷಣ: ಹಿಟ್ಟು ಪುಡಿಪುಡಿ, ಉಂಡೆ ಕಟ್ಟಲು ಬರುವುದಿಲ್ಲ

ಐದು ನಿಮಿಷ ಸುಮ್ನೆ ಬಿಡಿ. ಮಿಕ್ಸ್ ಒದ್ದೆ ಹೀರಿಕೊಳ್ಳಲು ಸಮಯ ಬೇಕು. ಆಮೇಲೂ ಕೂಡದಿದ್ದರೆ ಚಿಕ್ಕ ಚಮಚದಲ್ಲಿ ಹಾಲು. ಎಣ್ಣೆ ಬೇಡ. ದಾಲ್ಚಿನ್ನಿ ಪುಡಿ ಬಹಳ ಹಾಕಿದ್ದರೆ ಅದೇ ನೀರು ಕುಡಿದು ಹಿಟ್ಟನ್ನು ಗಟ್ಟಿ ಮಾಡುತ್ತದೆ.

ಲಕ್ಷಣ: ತಳ ಕಪ್ಪು, ಮೇಲೆ ಹಸಿ

ಒಂದು ಕುಕೀಸನ್ನು ಮಗುಚಿ ಹಾಕಿ ನೋಡಿ. ಸರಿಯಾಗಿ ಬೆಂದದ್ದರ ತಳದಲ್ಲಿ ಅಂಚಿನ ಸುತ್ತ ಬೆರಳಗಲ ಕಂದು ಬಳೆ ಇರುತ್ತದೆ, ನಡುವೆ ಬಣ್ಣ ಒಂದು ಮಟ್ಟ ತಿಳಿ. ತಳವಿಡೀ ಒಂದೇ ಸಮ ಕಾಫಿ ಪುಡಿ ಬಣ್ಣಕ್ಕೆ ಬಂದು, ಮೇಲೆ ಬೆರಳಿಟ್ಟರೆ ಹಿಟ್ಟು ಅಂಟುತ್ತಿದ್ದರೆ ಕೆಳಗಿನ ಶಾಖ ಜಾಸ್ತಿ.

ಸುಲಭದ್ದು ಮೊದಲು. ಟ್ರೇಯನ್ನು ಒಂದು ಮೆಟ್ಟಿಲು ಮೇಲಿಡಿ. ಓವನ್ ಜೊತೆ ಬಂದ ಕಪ್ಪು ಟ್ರೇ ಶಾಖವನ್ನು ಬೇಗ ಹೀರುತ್ತದೆ, ಅದರ ಬದಲು ಬಿಳಿ ಅಲ್ಯೂಮಿನಿಯಂ ತಟ್ಟೆ ಬಳಸಿ. ಅದೂ ಇಲ್ಲದಿದ್ದರೆ ಒಂದರ ಕೆಳಗೆ ಇನ್ನೊಂದು ಟ್ರೇ ಇಡಿ. ಓವನ್ನಿನೊಳಗೆ ಮೇಲೆ ಕೆಳಗೆ ಇರುವ ಶಾಖದ ಕಡ್ಡಿ ಎರಡೂ ಕಾಯುವ ಗುರುತಿಗೆ ಗುಂಡಿ ತಿರುಗಿಸಿದ್ದೀರಾ, ಕೆಳಗಿನದಕ್ಕೆ ಮಾತ್ರವೇ ಅಂತಲೂ ನೋಡಿ.

ಕಾಗದದ ವಿಷಯದಲ್ಲಿ ಎಚ್ಚರ. ಅಂಗಡಿಯಲ್ಲಿ 'ಬಟರ್ ಪೇಪರ್' ಅಂತ ಕೊಡುವುದೆಲ್ಲ ಓವನ್‌ಗೆ ಆಗುವುದಿಲ್ಲ. ಕೆಲವು ಸುಮ್ನೆ ತಿಂಡಿ ಸುತ್ತುವ ಕಾಗದ, ಕೆಲವಕ್ಕೆ ಮೇಣ ಹಚ್ಚಿರುತ್ತದೆ. ಬಿಸಿಗೆ ಹೊಗೆ ಬರುತ್ತದೆ, ಕುಕೀಸಿಗೆ ಅಂಟಿಕೊಳ್ಳುತ್ತದೆ. ಪ್ಯಾಕೆಟಿನ ಮೇಲೆ ಬೇಕಿಂಗ್ ಪೇಪರ್ ಎಂದು, ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆದದ್ದೇ ಬೇಕು. ಅದೂ ಕಡ್ಡಿಗೆ ತಾಗಬಾರದು. ಟ್ರೇಗಿಂತ ದೊಡ್ಡದು ಕತ್ತರಿಸಿ ಮೂಲೆ ಮೇಲಕ್ಕೆ ಬಿಟ್ಟರೆ ಬೆಂಕಿ ಹತ್ತಬಹುದು. ಹಾಗೆ ಹತ್ತಿದರೆ ಬಾಗಿಲು ತೆರೆಯಬೇಡಿ, ನೀರು ಎರಚಬೇಡಿ. ಗೋಡೆಯ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇರಲಿ.

ಓವನ್ ಇಲ್ಲದೆ ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸುವವರಿಗೆ ಈ ಲಕ್ಷಣ ಬಂದೇ ಬರುತ್ತದೆ, ಏಕೆಂದರೆ ಅಲ್ಲಿ ಮೇಲಿನಿಂದ ಶಾಖವೇ ಇಲ್ಲ. ದಿನಾ ಅನ್ನ ಮಾಡುವ ಕುಕ್ಕರನ್ನು ಹೀಗೆ ನೀರಿಲ್ಲದೆ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಪಾತ್ರೆಯ ತಳ ಬಾಗುತ್ತದೆ, ಆಮೇಲೆ ಅದು ಒತ್ತಡ ತಡೆಯುತ್ತದೆ ಎಂಬ ಭರವಸೆ ಇಲ್ಲ. ದಪ್ಪ ತಳದ ಹಳೇ ಪಾತ್ರೆ, ಭಾರದ ಮುಚ್ಚಳ ಸಾಕು. ಕುಕ್ಕರೇ ಬೇಕು ಎಂದಾದರೆ ಮುಚ್ಚಳದ ರಬ್ಬರ್, ಸೀಟಿ ಹೊಡೆಯುವ ವೆಯ್ಟ್ ಎರಡನ್ನೂ ತೆಗೆದಿಡಿ. ಕುಕೀಸನ್ನು ತೆಳ್ಳಗೆ ತಟ್ಟಿ, ಉರಿ ಸಣ್ಣದಿರಲಿ.

ಮೈಕ್ರೊವೇವ್ ಇರುವವರು ಗುಂಡಿ ಇನ್ನೊಮ್ಮೆ ನೋಡಿ. ಬರೀ ಮೈಕ್ರೊವೇವ್‌ನಲ್ಲಿ ಇಟ್ಟರೆ ಹೊರಗೆ ಬಿಳಿ, ನಡುವೆ ಸುಟ್ಟು ಕಲ್ಲು ಆಗುತ್ತದೆ. ಕನ್ವೆಕ್ಷನ್ ಎಂಬ ಆಯ್ಕೆ ಇಲ್ಲದ ಯಂತ್ರದಲ್ಲಿ ಈ ಕುಕೀಸ್ ಮಾಡಲು ಹೊರಡುವುದೇ ದಂಡ.

ಲಕ್ಷಣ: ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ, ಅಥವಾ ಎಷ್ಟು ಹೊತ್ತಾದರೂ ಬಣ್ಣವೇ ಬರುವುದಿಲ್ಲ

ಮೊದಲನೆಯದಕ್ಕೆ ಬ್ರೆಡ್ ಪರೀಕ್ಷೆ. ಟ್ರೇ ತುಂಬ ಬ್ರೆಡ್ ಹಾಸಿ 175ರಲ್ಲಿ ಹತ್ತು ನಿಮಿಷ ಇಡಿ. ಯಾವ ಮೂಲೆ ಮೊದಲು ಕೆಂಪಾಗುತ್ತದೋ ಅಲ್ಲಿ ಶಾಖ ಜಾಸ್ತಿ. ಅರ್ಧ ಹೊತ್ತಿಗೆ ಟ್ರೇ ತಿರುಗಿಸಿಟ್ಟರೆ ಆಯಿತು. ಬ್ರೆಡ್ ಸಂಜೆ ಚಹಾಕ್ಕೆ.

ಎರಡನೆಯದಕ್ಕೆ ಸಕ್ಕರೆ ಪರೀಕ್ಷೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್‌ಗೆ ಹೋಗುವ ಗಟ್ಟಿ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್‌ನಲ್ಲಿ 175ಕ್ಕೆ ಹದಿನೈದು ನಿಮಿಷ ಇಡಿ. ಅದು ಕಾಳುಕಾಳಾಗಿಯೇ ಇರಬೇಕು. ಗುಂಡಿಯನ್ನು 190ಕ್ಕೆ ತಿರುಗಿಸಿ ಇನ್ನೊಂದು ಹದಿನೈದು ನಿಮಿಷ. ಈಗ ಕರಗಬೇಕು. 175ರಲ್ಲೇ ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಜಾಸ್ತಿ ಬಿಸಿ. 190ರಲ್ಲೂ ಕರಗದಿದ್ದರೆ ಕಡಿಮೆ ಬಿಸಿ. ಬಟ್ಟಲು ತೆಗೆಯುವಾಗ ಜಾಗ್ರತೆ. ಕರಗಿದ ಸಕ್ಕರೆ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಬಿಸಿನೀರಿಗಿಂತ ಕೆಟ್ಟದ್ದು. ಮಕ್ಕಳು ದೂರ ಇರಲಿ.

ಬೆಳಿಗ್ಗೆ ಸರಿಯಾಗಿ ಬಂದು ಸಂಜೆ ಏಳರ ಮೇಲೆ ಬಿಳಿಚಿಕೊಂಡರೆ ಓವನ್ ಅಲ್ಲ, ವೋಲ್ಟೇಜ್. ಎಲ್ಲರ ಮನೆಯಲ್ಲೂ ಲೈಟು, ಫ್ಯಾನು, ಪಂಪು ಓಡುವ ಹೊತ್ತು ಅದು. ಓವನ್ ಕಡ್ಡಿಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 190 ಬಂದರೆ ಶಾಖ ಸುಮಾರು 68 ಶೇಕಡಾಕ್ಕೆ ಬೀಳುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು ಅಂತಲೇ ಲೆಕ್ಕ. ಇದಕ್ಕೆ ಔಷಧ ಒಂದೇ: ಮಧ್ಯಾಹ್ನ ಮಾಡಿ. ಮಧ್ಯಾಹ್ನವೂ ಹಾಗೇ ಇದ್ದರೆ ಬಾಗಿಲ ಗಾಜಿನಿಂದ ನೋಡಿ, ಮೇಲಿನ ಕೆಳಗಿನ ಕಡ್ಡಿಗಳೆಲ್ಲ ಕೆಂಪಾಗುತ್ತಿವೆಯೇ? ಒಂದು ಕಪ್ಪಾಗಿಯೇ ಉಳಿದರೆ ಅದು ಸತ್ತಿದೆ. ರಿಪೇರಿಯವರಿಗೆ ಕೊಡಿ.

ಲಕ್ಷಣ: ಅಂಚು ಬೆಂದಿದೆ, ನಡುವೆ ಮೆತ್ತಗಿದೆ

ಓವನ್‌ನಿಂದ ತೆಗೆದ ಕೂಡಲೇ ಮೆತ್ತಗಿರುವುದು ಸಹಜ. ಟ್ರೇಯಲ್ಲೇ ಐದು ನಿಮಿಷ ಬಿಡಿ, ಅದರದೇ ಬಿಸಿಗೆ ಗಟ್ಟಿಯಾಗುತ್ತದೆ. ಮೇಲ್ಮೈಯ ಒದ್ದೆ ಹೊಳಪು ಹೋಗಿ ಮಂಕಾಗಿದ್ದರೆ ಬೆಂದಿದೆ. ತಣ್ಣಗಾದ ಮೇಲೆ ಮುರಿದು ನೋಡಿ. ಒಳಗೆ ಒದ್ದೆ ಮುದ್ದೆ ಕಂಡರೆ ಮತ್ತೆ ಮೂರು ನಾಲ್ಕು ನಿಮಿಷ ಓವನ್‌ಗೆ ಹಾಕಿ.

ಹಸಿ ಹಿಟ್ಟನ್ನು ಮಕ್ಕಳು ನೆಕ್ಕದಂತೆ ನೋಡಿಕೊಳ್ಳಿ. ಹಸಿ ಮೊಟ್ಟೆ ಬೇಡ ಎನ್ನುವುದು ಎಲ್ಲರಿಗೂ ಗೊತ್ತು. ಹಸಿ ಮೈದಾದಲ್ಲೂ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಮೊಟ್ಟೆ ಇಲ್ಲದ ಮಿಕ್ಸಿಗೂ ಇದೇ ಮಾತು. ಅರೆಬೆಂದದ್ದನ್ನು ತಿಂದು ವಾಂತಿ ಭೇದಿ ಜೋರಾಗಿ, ಜ್ವರವೂ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ, ಡಾಕ್ಟರಿಗೆ ತೋರಿಸಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರ ವಿಷಯದಲ್ಲಂತೂ ಕಾಯಲೇಬೇಡಿ.

ಲಕ್ಷಣ: ಮಸಾಲೆ ಕಹಿ, ಅಥವಾ ನಾಲಿಗೆ ಜುಮ್ಮೆನ್ನುತ್ತದೆ, ಅಥವಾ ಮಸಾಲೆ ಇದ್ದದ್ದೇ ಗೊತ್ತಾಗುವುದಿಲ್ಲ

ನಮ್ಮ ಕಡೆ ಸಿಗುವ ಮಿಕ್ಸ್ ಹೆಚ್ಚಾಗಿ ವೆನಿಲಾ ಅಥವಾ ಚಾಕೊಲೇಟ್. ರೆಸಿಪಿಯಲ್ಲಿ ಹೇಳುವ 'ಸ್ಪೈಸ್ ಕೇಕ್' ಡಬ್ಬಿಯಲ್ಲಿ ಮಸಾಲೆ ಮೊದಲೇ ಇರುತ್ತದೆ, ಅವರು ಮೇಲಿಂದ ಚಿಟಿಕೆ ಸೇರಿಸುತ್ತಾರೆ ಅಷ್ಟೇ. ವೆನಿಲಾ ಮಿಕ್ಸಿಗೆ ಅದೇ ಚಿಟಿಕೆ ಹಾಕಿದರೆ ಎಲ್ಲಿ ಸಾಕಾಗುತ್ತದೆ? 250 ಗ್ರಾಂಗೆ ನನ್ನ ಅಳತೆ ಹೀಗೆ: ದಾಲ್ಚಿನ್ನಿ ಪುಡಿ ಒಂದು ಚಿಕ್ಕ ಚಮಚ, ಒಣಶುಂಠಿ ಅರ್ಧ ಚಮಚ, ಏಲಕ್ಕಿ ಕಾಲು, ಜಾಯಿಕಾಯಿ ಕಾಲು, ಲವಂಗ ಒಂದೇ ಚಿಟಿಕೆ. ಎಲ್ಲವನ್ನೂ ಒಣ ಮಿಕ್ಸಿನ ಜೊತೆಗೇ ಜರಡಿ ಹಿಡಿಯಿರಿ. ಆಮೇಲೆ ಹಾಕಿದರೆ ಒಂದು ಕುಕೀಸಿನಲ್ಲಿ ಗಂಟು, ಇನ್ನೊಂದರಲ್ಲಿ ಏನೂ ಇಲ್ಲ.

ನಾಲಿಗೆ ಜುಮ್ಮೆಂದರೆ ಅದು ಲವಂಗ. ಅದರ ಯುಜೆನಾಲ್ ಎಂಬ ಎಣ್ಣೆಯ ಕೆಲಸ ಅದು, ಹಲ್ಲುನೋವಿಗೆ ಲವಂಗದೆಣ್ಣೆ ಇಡುವುದೂ ಇದೇ ಕಾರಣಕ್ಕೆ. ಕಹಿಯಾದರೆ ಒಂದೋ ಲವಂಗ ಜಾಸ್ತಿ, ಇಲ್ಲ ಮಸಾಲೆ ಹುರಿಯುವಾಗ ಕರಟಿದೆ. ಈ ಮಸಾಲೆಯನ್ನು ಹುರಿಯುವುದೇ ಬೇಡ. ಸಾಂಬಾರಿನ ಅಭ್ಯಾಸ ಇಲ್ಲಿಗೆ ತರಬೇಡಿ. ಹಲ್ಲಿಗೆ ಮರಳಿನ ಹಾಗೆ ಸಿಕ್ಕಿದರೆ ಮಿಕ್ಸಿಯಲ್ಲಿ ಪುಡಿ ಮಾಡಿದ ದಾಲ್ಚಿನ್ನಿಯ ನಾರು. ಚಕ್ಕೆ ಗಟ್ಟಿ, ಮನೆಯ ಮಿಕ್ಸಿಯಲ್ಲಿ ಪೂರ್ತಿ ನುಣ್ಣಗಾಗುವುದಿಲ್ಲ. ಬಟ್ಟೆಯಲ್ಲೋ ಸಣ್ಣ ಜರಡಿಯಲ್ಲೋ ಸೋಸಿ.

ದಾಲ್ಚಿನ್ನಿ ಅಂತ ಅಂಗಡಿಯಲ್ಲಿ ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅದರ ಖಾರ ಜಾಸ್ತಿ. ತೆಳ್ಳಗೆ ಪದರ ಪದರವಾಗಿ ಸುರುಳಿಯಾದದ್ದು ನಿಜವಾದ ದಾಲ್ಚಿನ್ನಿ, ಅದು ಸೌಮ್ಯ. ಹಾಗಾಗಿ ಕ್ಯಾಸಿಯಾ ಆದರೆ ಮುಕ್ಕಾಲು ಚಮಚ ಸಾಕು. (ಮಸಾಲೆ ಮತ್ತು ಕ್ರಿಸ್ಮಸ್ ಕೇಕಿನ ನಂಟು ನಮಗೆ ದೂರದ್ದೇನಲ್ಲ. ಇಲ್ಲಿಂದ ತೆಂಕಕ್ಕೆ ಕಣ್ಣೂರು ಜಿಲ್ಲೆಯ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ದಾಲ್ಚಿನ್ನಿ ತೋಟ ಇತ್ತು. ಪಕ್ಕದ ತಲಶ್ಶೇರಿಯಲ್ಲಿ 1883ರಲ್ಲಿ ಮಂಬಳ್ಳಿ ಬಾಪು ಮಾಡಿದ್ದೇ ನಮ್ಮ ದೇಶದ ಮೊದಲ ಕ್ರಿಸ್ಮಸ್ ಕೇಕ್ ಎಂದು ಹೇಳುತ್ತಾರೆ.)

ತೋಟದ ಜಾಯಿಕಾಯಿ ಬಳಸುವವರು ಚಿಪ್ಪು ಒಡೆದು ನೋಡಿ. ಮಳೆಗಾಲದಲ್ಲಿ ಬಿದ್ದು ಸರಿಯಾಗಿ ಒಣಗದ ಕಾಯಿಯ ಒಳಗೆ ಬೂಷ್ಟು ಇರುತ್ತದೆ. ಅದನ್ನು ತುರಿದು ಮೇಲಿನದ್ದು ಮಾತ್ರ ಬಳಸುವುದೂ ಬೇಡ, ಬಿಸಾಡಿ. ಒಳ್ಳೆಯದಾದರೂ ಅಳತೆ ಮೀರಬೇಡಿ. ಜಾಯಿಕಾಯಿ ಚಮಚಗಟ್ಟಲೆ ಹೊಟ್ಟೆಗೆ ಹೋದರೆ ತಲೆಸುತ್ತು, ವಾಂತಿ, ಎದೆಬಡಿತ, ಭ್ರಮೆ ತನಕ ಹೋಗುತ್ತದೆ. ಯಾರಿಗಾದರೂ ಹಾಗಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಷ್ಟು ಹಾಕಿದ್ದೀರಿ ಎಂದು ಡಾಕ್ಟರಿಗೆ ಹೇಳಿ.

ಕೈಯಲ್ಲಿರುವ ಪುಡಿ ಹಳತೋ ಎಂದು ತಿಳಿಯಲು ಅಂಗೈಯಲ್ಲಿ ಚಿಟಿಕೆ ತಿಕ್ಕಿ ಮೂಸಿ. ಪರಿಮಳವನ್ನು ಮೂಗು ಹುಡುಕಿಕೊಂಡು ಹೋಗಬೇಕಾದರೆ ಅದು ಮುಗಿದಿದೆ.

ಲಕ್ಷಣ: ಸೋಡಾ ರುಚಿ, ಸಾಬೂನಿನ ರುಚಿ, ಕಮಟು ವಾಸನೆ

ಸೋಡಾ ರುಚಿಯೋ ಸಾಬೂನಿನ ರುಚಿಯೋ ಬಂದರೆ ಯಾರೋ "ಚೆನ್ನಾಗಿ ಉಬ್ಬಲಿ" ಅಂತ ಮೇಲಿಂದ ಬೇಕಿಂಗ್ ಸೋಡಾ ಹಾಕಿದ್ದಾರೆ. ಮಿಕ್ಸಿನಲ್ಲಿ ಮೊದಲೇ ಇದೆ. ಸರಿಪಡಿಸುವ ದಾರಿ ಇಲ್ಲ.

ಕಮಟು ವಾಸನೆ ಬಂದರೆ ಎಣ್ಣೆ ಮತ್ತು ಮಿಕ್ಸ್ ಎರಡನ್ನೂ ಬೇರೆ ಬೇರೆ ಮೂಸಿ. ತೆಂಗಿನೆಣ್ಣೆ ಹಾಕಿದ್ದರೆ, ಅದು ತಾಜಾ ಇದ್ದರೂ ಕುಕೀಸಿನಲ್ಲಿ ಅದರದೇ ರಾಜ್ಯ. ನಮ್ಮಲ್ಲಿ ಕೆಲವರಿಗೆ ಅದೇ ಇಷ್ಟ, ತಪ್ಪೇನಿಲ್ಲ. ಮಿಕ್ಸಿಗೇ ವಾಸನೆ ಇದ್ದರೆ ತಾರೀಕು ನೋಡಿ. ಗಲ್ಫಿನಿಂದ ಬಂದ ಡಬ್ಬಿಯಲ್ಲಿ ತಾರೀಕು ತಿಂಗಳು ಯಾವುದು ಮೊದಲು ಬರೆದಿದೆ ಎಂದು ಗಮನಿಸಿ. ಹುಳ, ಜಾಳು ಕಂಡರೆ ಜರಡಿ ಹಿಡಿದು ಬಳಸುವ ಆಸೆ ಬೇಡ.

ಕೊಡುವ ಮನೆಯಲ್ಲಿ ಯಾರಿಗಾದರೂ ಗೇರುಬೀಜ, ಹಾಲು, ಮೊಟ್ಟೆ, ಗೋಧಿ ಆಗುವುದಿಲ್ಲವೇ ಎಂದು ಕೇಳಿಯೇ ಕೊಡಿ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಒಂದು ನಿಮಿಷವೂ ಕಾಯಬಾರದು, ನೇರ ಆಸ್ಪತ್ರೆಗೆ.

ಲಕ್ಷಣ: ಮರುದಿನಕ್ಕೆ ಒದ್ದೆ ಬಟ್ಟೆಯ ಹಾಗೆ ಮೆತ್ತಗೆ, ಅಥವಾ ಕಲ್ಲು

ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಅದರದೇ ಹಬೆ ಮುಚ್ಚಳಕ್ಕೆ ಕೂತು ವಾಪಸ್ ಬೀಳುತ್ತದೆ. ಪೂರ್ತಿ ತಣ್ಣಗಾಗಲಿ, ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಚಕ್ಕುಲಿ, ಕುಸ್ವಾರ್ ಇರುವ ಡಬ್ಬಿಗೇ ಇದನ್ನೂ ಸೇರಿಸಬೇಡಿ. ಈ ಕುಕೀಸಿನ ತೇವ ಚಕ್ಕುಲಿಗೆ ಹೋಗಿ ಎರಡೂ ಹಾಳು. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ ತಣಿಸಿ. ಕಲ್ಲಾದದ್ದರ ಡಬ್ಬಿಯಲ್ಲಿ ಒಂದು ಬ್ರೆಡ್ ತುಂಡು ಒಂದು ರಾತ್ರಿ ಇಟ್ಟರೆ ಬ್ರೆಡ್ ಒಣಗಿ ಕುಕೀಸ್ ಮೆತ್ತಗಾಗುತ್ತದೆ. ಮೇಲೆ ಹಸಿರೋ ಬಿಳಿಯೋ ಬೂಷ್ಟು ಕಂಡರೆ ಆ ಡಬ್ಬಿಯ ಅಷ್ಟೂ ತಿಪ್ಪೆಗೆ.

ಲಕ್ಷಣ: ಓವನ್ ಹಾಕಿದ ಕೂಡಲೇ ಕರೆಂಟ್ ಟ್ರಿಪ್ ಆಗುತ್ತದೆ

ಇಲ್ಲಿಗೆ ಬಂದರೆ ಕುಕೀಸ್ ಮರೆತುಬಿಡಿ. ಮೊದಲು ಯಾವ ಪ್ಲಗ್ಗಿಗೆ ಚುಚ್ಚಿದ್ದೀರಿ ನೋಡಿ. ಚಿಕ್ಕ 6 ಆಂಪಿಯರ್ ಪ್ಲಗ್ ಲೆಕ್ಕದ ಪ್ರಕಾರ 1380 ವಾಟ್ ತನಕ ಮಾತ್ರ. ಒಟಿಜಿ 1500, 2000 ವಾಟ್ ಇರುತ್ತದೆ. ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಅಡಾಪ್ಟರ್, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಪ್ಲಗ್ ಮುಟ್ಟಿದಾಗ ಬಿಸಿ ಇದ್ದರೆ, ಕರಟಿದ ಪ್ಲಾಸ್ಟಿಕ್ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ದೊಡ್ಡ ಪ್ಲಗ್ಗಿನಲ್ಲೂ ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್ಚಾದ ಇಎಲ್‌ಸಿಬಿ ಬೀಳುತ್ತಿದ್ದರೆ ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ. ಜೂನ್ ಮಳೆಗೆ ಮೂಲೆಗೆ ಸೇರಿಸಿದ ಓವನ್ನನ್ನು ಡಿಸೆಂಬರಿನಲ್ಲಿ ತೆಗೆಯುವ ಮನೆಗಳಲ್ಲಿ ಇದು ಆಗಾಗ ಆಗುತ್ತದೆ. ಕಡ್ಡಿಯ ಕೊಳವೆಯ ಒಳಗೆ ತುಂಬಿದ ಬಿಳಿ ಪುಡಿ ಬಹಳ ದಿನ ಕಾಯದೆ ಬಿದ್ದಿದ್ದರೆ ತೇವ ಎಳೆದುಕೊಳ್ಳುತ್ತದೆ, ಆಗ ಕರೆಂಟ್ ಕೊಳವೆಯ ಮೈಗೆ ಸೋರುತ್ತದೆ. ಬಿಸಿಲಿಗಿಟ್ಟರೆ ಸರಿ ಹೋಗುತ್ತದೆ ಎನ್ನುವವರಿದ್ದಾರೆ. ಹೊರಮೈ ಒಣಗಬಹುದು, ಒಳಗಿನ ತೇವ ಹೋಯಿತೋ ಇಲ್ಲವೋ ಎಂದು ಮೀಟರ್ ಹಿಡಿದು ನೋಡಿದ ಎಲೆಕ್ಟ್ರಿಷಿಯನ್ ಮಾತ್ರ ಹೇಳಬಲ್ಲ. ಇಎಲ್‌ಸಿಬಿಯನ್ನು ತಪ್ಪಿಸಿ ನೇರ ಕನೆಕ್ಷನ್ ಕೊಡುವುದು, ಮೂರನೇ ಪಿನ್ನಿನ ಅರ್ತ್ ವೈರ್ ತೆಗೆದುಬಿಡುವುದು, ಇದೆರಡನ್ನೂ ಯಾರು ಹೇಳಿದರೂ ಮಾಡಬೇಡಿ. ಅಡುಗೆಮನೆಯ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಓವನ್ ಬಾಗಿಲು ಮುಟ್ಟುವವರು ನೀವೇ ಅಲ್ವಾ? ಮೈ ಮುಟ್ಟಿದಾಗ ಚಿಳ್ ಎಂದು ತಾಗಿದರೆ ಓವನ್ನಿನ ಸ್ವಿಚ್ಚಿಗೆ ಕೈ ಹಾಕದೆ ಮೇನ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಎಳೆಯಿರಿ.

ಕಲಸಿಟ್ಟ ಹಿಟ್ಟು ಹಾಳಾಗುವ ಚಿಂತೆ ಬೇಡ. ಉಂಡೆ ಕಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತದೆ. ಓವನ್ ರಿಪೇರಿಯಾಗಿ ಬಂದ ಮೇಲೆ ಫ್ರೀಜರಿನಿಂದ ನೇರ ಟ್ರೇಗೆ ಹಾಕಿ, ಎರಡು ನಿಮಿಷ ಹೆಚ್ಚು ಕೊಡಿ.